ಕಾಲೊಳಗಿನ ರಾಡ್‌ಗೆ ನನ್ನ ರಿವ್ಯೂ

ಮೊಣಕಾಲ ಕೆಳಗಿನ ದಪ್ಪ ಮೂಳೆ ಮುರಿದು, ಟೈಟಾನಿಯಂ ರಾಡ್ ಹಾಕಿಸಿಕೊಂಡು ಹದಿನಾಲ್ಕು ತಿಂಗಳಾಯಿತು. ಮೂರನೇ ದಿನವೇ ವಾಕರ್ ಹಿಡಿದು ಕಾಲೂರಿದೆ. ಅದಕ್ಕೇ ಪೂರ್ತಿ ಮಾರ್ಕು.

ಮೂಳೆಯ ಟೊಳ್ಳನ್ನು ಕೊರೆದು ಅಗಲ ಮಾಡಿ ರಾಡ್ ತೂರಿಸಿದ್ದಾರೆ ಅಂತ ಗೊತ್ತಾದಾಗ ಮೈ ಜುಮ್ಮೆಂದಿತು. ಸುಮ್ನೆ ತೂರಿಸಬಹುದಿತ್ತು ಅಲ್ವಾ? ಆಮೇಲೆ, ಈ ಮೂಳೆಗೆ ಕೊರೆದು ರಾಡ್ ಹಾಕುವುದನ್ನೂ ಕೊರೆಯದೆ ಹಾಕುವುದನ್ನೂ ಹೋಲಿಸಿದ 2008ರ ಸ್ಪ್ರಿಂಟ್ ಅನ್ನೋ ಅಧ್ಯಯನದ ಬಗ್ಗೆ ಓದಿದೆ. ಸಾವಿರಕ್ಕೂ ಜಾಸ್ತಿ ಜನರನ್ನು ಒಂದು ವರ್ಷ ಗಮನಿಸಿದ್ದರು. ಚರ್ಮ ಹರಿಯದ ಮುರಿತಗಳಲ್ಲಿ ಕೊರೆದು ಹಾಕಿದವರಿಗೆ ಮತ್ತೆ ಆಪರೇಷನ್ ಬೇಕಾಗಿದ್ದು ಕಡಿಮೆ. ನನ್ನದೂ ಅಂಥದ್ದೇ. ಸಿಟ್ಟು ಇಳಿಯಿತು.

ದೂರು ಎರಡು. ನೆಲಕ್ಕೆ ಮಂಡಿಯೂರಿದರೆ ಮಂಡಿಚಿಪ್ಪಿನ ಕೆಳಗೆ ಚುಳ್ ಅನ್ನುತ್ತದೆ. ಇದು ಬಹಳ ಜನರಿಗೆ ಆಗುತ್ತದಂತೆ, ಮೊದಲೇ ಯಾರೂ ಹೇಳಲಿಲ್ಲ. ಇನ್ನೊಂದು, ರಾಡನ್ನು ಮೂಳೆಗೆ ಬಿಗಿದಿರುವ, ಹಿಮ್ಮಡಿ ಗಂಟಿನ ಮೇಲಿನ ಸ್ಕ್ರೂ. ಚರ್ಮದಡಿ ಕಡಲೆಕಾಳಿನಷ್ಟು ಉಬ್ಬು. ಸಾಕ್ಸ್ ಹಾಕುವಾಗ ದಿನಾ ಬೆರಳಿಗೆ ಸಿಗುತ್ತದೆ.