ಯೂ-ನೆಟ್ಟೋ, ಸ್ಯಾಮೋ?

ಶಿವಮೊಗ್ಗದ ಇಂಜಿನಿಯರಿಂಗ್ ಹುಡುಗರು ಥೈರಾಯ್ಡ್ ಸ್ಕ್ಯಾನಿನಲ್ಲಿ ಗಂಟು ಗುರುತಿಸುವ ಪ್ರಾಜೆಕ್ಟ್ ಹಿಡಿದರೆ ಮೊದಲ ಪ್ರಶ್ನೆ ಇದೇ. ಎರಡೂ ಚಿತ್ರದಲ್ಲಿ ಬೇಕಾದ ಭಾಗವನ್ನು ಗೆರೆ ಎಳೆದು ಬೇರ್ಪಡಿಸುವ ಎಐ ಮಾದರಿಗಳು.

2015ರ ಯೂ-ನೆಟ್, ವೈದ್ಯರು ಗೆರೆ ಎಳೆದುಕೊಟ್ಟ ಕೆಲವು ನೂರು ಚಿತ್ರ ಸಿಕ್ಕರೂ ಕಲಿಯುತ್ತದೆ. ಚಿತ್ರ ಕುಗ್ಗಿಸುವಾಗ ಕಳೆದುಹೋಗುವ ಅಂಚಿನ ವಿವರವನ್ನು ಅದರ ಅಡ್ಡಕೊಂಡಿಗಳು (ಸ್ಕಿಪ್ ಕನೆಕ್ಷನ್) ಹಿಗ್ಗಿಸುವ ಹಂತಕ್ಕೆ ನೇರವಾಗಿ ದಾಟಿಸುತ್ತವೆ. ಅಲ್ಟ್ರಾಸೌಂಡಿಗೆ ಬೇಕಿರುವುದೂ ಅದೇ. ಅಲ್ಲಿ ಗಂಟಿನ ಅಂಚು ಆಗುಂಬೆಯ ಮಂಜಿನಲ್ಲಿ ರಸ್ತೆ ಕಂಡಷ್ಟೇ ಕಾಣುವುದು.

ಮೆಟಾ 2023ರಲ್ಲಿ ಬಿಟ್ಟ ಸ್ಯಾಮ್ 1.1 ಕೋಟಿ ಚಿತ್ರ ನೋಡಿದೆ ನಿಜ, ಎಲ್ಲ ಮಾಮೂಲಿ ಫೋಟೋಗಳು. ಎಲ್ಲಿ ನೋಡಬೇಕೆಂದು ತೋರಿಸಲು ಗಂಟಿನ ಸುತ್ತ ಚೌಕ ಎಳೆದುಕೊಟ್ಟರೆ ಪರವಾಗಿಲ್ಲ. ಬರೀ ಚುಕ್ಕಿ ಇಟ್ಟರೆ ಪಕ್ಕದ ನೆರಳನ್ನೂ ಸೇರಿಸಿಬಿಡಬಹುದು. ಹೊಸ ಚಿತ್ರಗಳಿಗೆ ಗುರುತು ಹಾಕುವ ಕೆಲಸ ಹಗುರಾಗಲು ಇಟ್ಟುಕೊಳ್ಳಿ. ತಾನಾಗಿಯೇ ಗೆರೆ ಎಳೆಯಬೇಕೆಂದರೆ ನನ್ನ ವೋಟು ಯೂ-ನೆಟ್‌ಗೇ.

ಯಾವುದೇ ಆಗಲಿ, ಒಬ್ಬರೇ ರೋಗಿಯ ಚಿತ್ರಗಳು ತರಬೇತಿಯಲ್ಲೂ ಪರೀಕ್ಷೆಯಲ್ಲೂ ಸೇರಿಕೊಂಡಿದ್ದರೆ ಬಂದ ಡೈಸ್ ಅಂಕ (ಮಾದರಿಯ ಗುರುತು ವೈದ್ಯರ ಗುರುತಿಗೆ ಎಷ್ಟು ಹೊಂದುತ್ತದೆಂಬ ಅಳತೆ) ನಂಬಬೇಡಿ.