ಮಟನ್ ಸ್ಟ್ರೀಟಿನ ಬೆಂಕಿಪೊಟ್ಟಣದ ಅಂಗಡಿ: ಹೋಗಿ, ಆದ್ರೆ ಕೈ ಹುಷಾರು

ಮುಂಬೈ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಗ್ರಾಮಾಫೋನು, ಸಿನಿಮಾ ಪೋಸ್ಟರು, ಹಿತ್ತಾಳೆ ದೀಪ ಮಾರುವ ಅಂಗಡಿಗಳ ಮಧ್ಯೆ ಒಂದು ಗೂಡಂಗಡಿ ಇದೆ. ಬೋರ್ಡಿಲ್ಲ. ಒಳಗೆ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲೇ. ಮಾಟುಂಗಾದ ನಮ್ಮ ಕನ್ನಡದ ಬಳಗದಲ್ಲಿ ಬೆಂಕಿಪೊಟ್ಟಣದ ಹಳೇ ಲೇಬಲ್‌ಗಳ ಹುಚ್ಚು ಹಿಡಿದವರು ಒಂದಿಬ್ಬರಿದ್ದಾರೆ, ಅವರೇ ನನಗೆ ಇದನ್ನು ತೋರಿಸಿದ್ದು.

ಮಾಲು ಚೆನ್ನಾಗಿದೆ. ನೂರು ವರ್ಷದ ಹಿಂದೆ ನಮ್ಮಲ್ಲಿಗೆ ಬೆಂಕಿಕಡ್ಡಿ ಬರುತ್ತಿದ್ದುದು ಹೆಚ್ಚಾಗಿ ಸ್ವೀಡನ್ ಮತ್ತು ಜಪಾನಿನಿಂದ. ಇಲ್ಲಿನ ಜನ ಕೊಳ್ಳಬೇಕಲ್ವಾ, ಅದಕ್ಕೆ ಅವರು ನಮ್ಮ ದೇವರು, ರಾಜರು, ಹುಲಿಗಳನ್ನೇ ಅಚ್ಚು ಹಾಕಿ ಕಳಿಸುತ್ತಿದ್ದರು. ಕೊಳಲು ಹಿಡಿದ ಕೃಷ್ಣ, ಅವನ ಕಾಲಡಿಯಲ್ಲಿ ‘ಮೇಡ್ ಇನ್ ಸ್ವೀಡನ್’. 1923ರಲ್ಲಿ ಸ್ವೀಡನ್ನಿನವರೇ ಇಲ್ಲಿ ವಿಮ್ಕೋ ಕಂಪನಿ ಶುರು ಮಾಡಿದರು, ಹತ್ತಿರದ ಅಂಬರನಾಥದಲ್ಲೇ ಕಾರ್ಖಾನೆ ಬಂತು. ಆ ಕಾಲದ ಲೇಬಲ್‌ಗಳೂ ಇಲ್ಲಿವೆ, ಆಮೇಲಿನ ಶಿವಕಾಶಿಯವೂ ರಾಶಿ ರಾಶಿ ಇವೆ. ಬೆಲೆ ಐವತ್ತು ರೂಪಾಯಿಂದ ಶುರು, ಮೇಲಕ್ಕೆ ಲಂಗುಲಗಾಮಿಲ್ಲ.

ನಾನು ಬರೆಯಬೇಕೆಂದಿದ್ದು ಮಾಲಿನ ಬಗ್ಗೆಗಿಂತ ಜಾಸ್ತಿ ಅಂಗಡಿಯ ಚಾಚಾ ಬಗ್ಗೆ. ಸಂಗ್ರಹ ಮಾಡುವವರ ತಲೆಯೊಳಗೆ ಏನು ಓಡುತ್ತದೆ ಅನ್ನೋದು ಈ ಮನುಷ್ಯನಿಗೆ ಅರೆದು ಕುಡಿದ ಹಾಗೆ ಗೊತ್ತು.

ಬೆಲೆ ಕೇಳಿದರೆ ಹೇಳುವುದಿಲ್ಲ. ‘ಪೆಹಲೇ ಹಾಥ್ ಮೇ ಲೇಕೇ ದೇಖೋ’ (ಮೊದಲು ಕೈಯಲ್ಲಿ ಹಿಡಿದು ನೋಡಿ) ಅಂತ ಲೇಬಲ್ಲನ್ನು ಕೈಗಿಟ್ಟು ಚಹಾ ಹೇಳಲು ಹೋಗುತ್ತಾರೆ. ಚಹಾ ಬರುವಷ್ಟರಲ್ಲಿ ಅದು ನಿಮ್ಮದಾಗಿಬಿಟ್ಟಿರುತ್ತದೆ, ವಾಪಸ್ ಕೊಡೋಕೆ ಮನಸ್ಸೇ ಬರಲ್ಲ. ಜೋಆನ್ ಪೆಕ್ ಮತ್ತು ಸುಝಾನ್ ಶು ಎಂಬ ಅಮೆರಿಕದ ಸಂಶೋಧಕಿಯರು 2009ರಲ್ಲಿ ಇದನ್ನೇ ಪ್ರಯೋಗ ಮಾಡಿ ತೋರಿಸಿದರು: ಒಂದು ವಸ್ತುವನ್ನು ಸುಮ್ನೆ ಮುಟ್ಟಿದರೂ ಸಾಕು, ಇದು ನನ್ನದು ಎಂಬ ಭಾವನೆ ಹೆಚ್ಚಾಗುತ್ತದೆ. ಇನ್ನು ನಿಜವಾಗಿಯೂ ನಮ್ಮದಾದ ಮೇಲಂತೂ ಅದರ ಬೆಲೆ ನಮ್ಮ ಕಣ್ಣಲ್ಲಿ ಏರುತ್ತದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು ಕಾಫಿ ಮಗ್ ಹಂಚಿ ನೋಡಿದಾಗ (ಅದು 1990ರಲ್ಲಿ ಪ್ರಕಟವಾಯಿತು) ಮಗ್ ಸಿಕ್ಕವರು ಮಾರೋಕೆ ಕೇಳಿದ ಬೆಲೆ, ಕೊಳ್ಳುವವರು ಕೊಡಲು ಒಪ್ಪಿದ್ದರ ಸುಮಾರು ಎರಡು ಪಟ್ಟು. ಚಾಚಾ ಹಳೇ ಗಿರಾಕಿಗಳಿಂದ ವಾಪಸ್ ಕೊಳ್ಳುವಾಗ ಮುಖ ಸಪ್ಪೆ ಮಾಡಿಕೊಳ್ಳೋದು ಇದಕ್ಕೇ ಇರಬೇಕು.

ಚಾಚಾನ ಎರಡನೇ ವರಸೆ ಇನ್ನೂ ಮಜಾ. ಎಲ್ಲವನ್ನೂ ವಿಂಗಡಿಸಿ ಆಲ್ಬಮ್ಮಿಗೆ ಹಾಕಬಹುದು, ಹಾಕುವುದಿಲ್ಲ. ಒಳ್ಳೆಯದನ್ನು ಕಸದ ಜೊತೆ ಬಿಸ್ಕತ್ತು ಡಬ್ಬಿಗಳಲ್ಲಿ ಬೆರೆಸಿಡುತ್ತಾರೆ. ಎಲ್ಲೆಲ್ಲೂ ಸಿಗುವ ‘ಚೀತಾ ಫೈಟ್’ ಬ್ರ್ಯಾಂಡಿನ ಲೇಬಲ್ ಹತ್ತು ತೆಗೆದು ಪಕ್ಕಕ್ಕಿಟ್ಟ ಮೇಲೆ ಒಂದು ಜಪಾನಿ ಆನೆ ಸಿಕ್ಕಿತು ಅಂದ್ರೆ ಎದೆ ಝಲ್ ಅನ್ನುತ್ತದೆ. ಯಾವಾಗ ಸಿಗುತ್ತದೋ ಗೊತ್ತಿಲ್ಲದ ಬಹುಮಾನಕ್ಕೇ ಮನಸ್ಸು ಹೆಚ್ಚು ಅಂಟಿಕೊಳ್ಳೋದು, ಜೂಜಿನ ಮಿಷಿನ್ನು ನಡೆಯೋದೂ ಇದರ ಮೇಲೆಯೇ. ಅದೇ ಆನೆಯನ್ನು ಆನ್‌ಲೈನಲ್ಲಿ ಒಂದು ಕ್ಲಿಕ್ಕಿಗೆ ಕೊಂಡರೆ ಈ ಖುಷಿ ಇಲ್ಲ. ಇದಾದ ಮೇಲೆ ಹೊರಡುವ ಹೊತ್ತಿಗೆ ಇನ್ನೊಂದು ಬಾಣ: ‘ಈ ಸೆಟ್ಟಿನಲ್ಲಿ ಒಂದೇ ಒಂದು ಬಾಕಿ, ಬಂದ್ರೆ ಫೋನ್ ಮಾಡ್ತೀನಿ.’ ಮುಗೀತು.

ಹಾಗಂತ ಸಂಗ್ರಹವೆಲ್ಲ ವ್ಯಾಪಾರಿಯ ಆಟ ಅಂತ ಅಲ್ಲ. ಪುಣೆಯ ಕೇಳ್ಕರ್ ಮ್ಯೂಸಿಯಂ ನೋಡಿ. ಅಡಕತ್ತರಿ, ದೀಪ, ಬೀಗ ಎಂದು ಸಾವಿರಾರು ವಸ್ತು ಕೂಡಿಟ್ಟ ದಿನಕರ ಕೇಳ್ಕರ್ ಅವರು ಅದಕ್ಕೆ ಇಟ್ಟಿದ್ದು ಚಿಕ್ಕವನಿದ್ದಾಗಲೇ ತೀರಿಹೋದ ಮಗ ರಾಜಾನ ಹೆಸರು. ಅಲ್ಲಿ ಯಾವ ಪ್ರಯೋಗವೂ ಪೂರ್ತಿ ಉತ್ತರ ಕೊಡಲ್ಲ.

ತಕರಾರುಗಳೂ ಇವೆ. ಬಿಲ್ ಇಲ್ಲ. ಹೊಸದಾಗಿ ಅಚ್ಚು ಹಾಕಿ ಚಹಾ ನೀರಲ್ಲಿ ಅದ್ದಿದ ಲೇಬಲ್‌ಗಳೂ ರಾಶಿಯಲ್ಲಿರುತ್ತವೆ, ಕೇಳಿದರೆ ಚಾಚಾ ಒಪ್ಪಿಕೊಳ್ಳುತ್ತಾರೆ, ಕೇಳದಿದ್ದರೆ ಬಾಯಿ ಬಿಡಲ್ಲ. ಸಣ್ಣ ಭೂತಗನ್ನಡಿ ಒಯ್ಯಿರಿ, ಬಣ್ಣದಲ್ಲಿ ಸಾಲು ಸಾಲು ಒಂದೇ ಸಮನಾದ ಚುಕ್ಕೆ ಕಂಡರೆ ಹೊಸ ಅಚ್ಚಿರಬಹುದು ಅಂತ ಅನುಮಾನಪಡಿ. ಬೆನ್ನಲ್ಲಿ ಹಳೇ ಅಂಟಿನ ಕಲೆ ಇದ್ದರೆ ಸ್ವಲ್ಪ ನಂಬಬಹುದು.

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿಳಿದು ನಡೆದೇ ಹೋಗಬಹುದು. ಶುಕ್ರವಾರ ಅಂಗಡಿಗಳು ಬಂದ್, ಅವತ್ತು ಬೀದಿಯಲ್ಲಿ ಜುಮ್ಮಾ ಬಜಾರಿನ ಗಲಾಟೆ. ಮಳೆಗಾಲದಲ್ಲಿ ಮಾತ್ರ ಬೇಡ, ಕಾಗದ ತೇವ ಕುಡಿದು ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಡಿಮೆ ಮಾಡಿದ್ದು ಆ ಚಹಾ ನೀರಿನ ಲೇಬಲ್‌ಗಳಿಗೆ.