ಲಿನಕ್ಸ್ ಮಿಂಟ್ ಮೆನು: ಹೆಸರು ಓದಿದರೆ ಕೆಲಸ ಗೊತ್ತಾಗಬೇಕು

ಶಹಾಪುರದಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಅಂಗಡಿ ಇದೆ. ಎರಡು ಕಂಪ್ಯೂಟರ್. ಎರಡಕ್ಕೂ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿಸಿದ್ದೇನೆ, ಸಿನಮನ್ ಡೆಸ್ಕ್‌ಟಾಪ್ (ಪರದೆ ಮೇಲೆ ಕಾಣುವ ಮೆನು, ವಿಂಡೋಗಳ ವ್ಯವಸ್ಥೆ) ಇರುವುದು. ನಾನಿಲ್ಲಿ ಅದರ ಮೆನು ಬಗ್ಗೆ ಮಾತ್ರ ಬರೆಯುತ್ತೇನೆ.

ನನ್ನ ಹತ್ತಿರ ಕೆಲಸಕ್ಕಿರುವ ಹುಡುಗ ಕನ್ನಡ ಮೀಡಿಯಂನವನು. ಮೊದಲ ದಿನ ಯಾರದೋ 371ಜೆ ಸರ್ಟಿಫಿಕೇಟ್ ಕೊಟ್ಟು, ಸ್ಕ್ಯಾನ್ ಮಾಡು ಅಂದೆ. ಮೆನು ತೆಗೆದ. 'ಡಾಕ್ಯುಮೆಂಟ್ ಸ್ಕ್ಯಾನರ್' ಅಂತ ಓದಿದ, ಒತ್ತಿದ. ನನ್ನನ್ನು ಕೇಳಲೇ ಇಲ್ಲ. ಆ ಪ್ರೋಗ್ರಾಂನ ಮೂಲ ಹೆಸರು ಸಿಂಪಲ್ ಸ್ಕ್ಯಾನ್. ಹಾಗೇ ನೆಮೋ ಇಲ್ಲಿ 'ಫೈಲ್ಸ್', ಎಕ್ಸ್‌ರೀಡರ್ 'ಡಾಕ್ಯುಮೆಂಟ್ ವ್ಯೂವರ್'. ಇದು ನನಗೆ ತುಂಬಾ ಇಷ್ಟವಾಯಿತು.

ಎಲ್ಲವೂ ಹೀಗಿಲ್ಲ. ವಿಡಿಯೋ ನೋಡುವುದಕ್ಕೆ 'ಸೆಲ್ಯುಲಾಯ್ಡ್' ಅಂತ ಹೆಸರು. 'ವಾರ್ಪಿನೇಟರ್' ಇನ್ನೂ ಕಷ್ಟ. "ಇದ್ರಾಗ ಏನ್ ಮಾಡ್ತಾರ್ರಿ ಅಕ್ಕಾ?" ಅಂತ ಹುಡುಗ ಕೇಳಿದ. ನನಗೂ ಗೊತ್ತಿರಲಿಲ್ಲ. ಒಂದೇ ನೆಟ್‌ವರ್ಕ್‌ನಲ್ಲಿರುವ ಇನ್ನೊಂದು ಕಂಪ್ಯೂಟರಿಗೆ ಫೈಲ್ ಕಳಿಸುವ ಪ್ರೋಗ್ರಾಂ ಅದು. ನಮಗೆ ದಿನಾ ಬೇಕಾದದ್ದೇ! ಅಲ್ಲಿಯವರೆಗೆ ಪಹಣಿ, ಜಾತಿ-ಆದಾಯ ಪತ್ರ ಎಲ್ಲಾ ಪೆನ್‌ಡ್ರೈವ್‌ನಲ್ಲಿ ಈ ಟೇಬಲ್ಲಿಂದ ಆ ಟೇಬಲ್ಲಿಗೆ ಹೋಗುತ್ತಿತ್ತು. ಮೌಸ್ ಇಟ್ಟರೆ ಒಂದು ಸಾಲು ವಿವರಣೆ ಕಾಣುತ್ತದೆ, ನಿಜ. ಆದರೆ ಅಡ್ಮಿಷನ್ ಸಮಯದಲ್ಲಿ ಎದುರಿಗೆ ಹತ್ತು ಮಂದಿ ನಿಂತಿರುವಾಗ ಒಂದೊಂದರ ಮೇಲೂ ಮೌಸ್ ಇಟ್ಟು ನೋಡಲಾಗುತ್ತದಾ?

ಒಳ್ಳೆಯದೇನೆಂದರೆ, ನಾವೇ ಹೆಸರು ಬದಲಿಸಬಹುದು. ಮೆನು ಎಡಿಟರ್‌ನಲ್ಲಿ ಪ್ರೋಗ್ರಾಂನ ಪ್ರಾಪರ್ಟೀಸ್ ತೆರೆದು, ನೇಮ್ ಅನ್ನುವ ಜಾಗದಲ್ಲಿ 'ಫೈಲ್ ಕಳಿಸು – ವಾರ್ಪಿನೇಟರ್' ಅಂತ ಬರೆದೆ. ಕನ್ನಡದಲ್ಲೇ. ಮೂಲ ಹೆಸರನ್ನು ಬೇಕೆಂದೇ ಉಳಿಸಿದೆ. ಏನಾದರೂ ತೊಂದರೆಯಾದಾಗ ಯಾರನ್ನಾದರೂ ಕೇಳಬೇಕಾದರೆ ಅದೇ ಹೆಸರು ಹೇಳಬೇಕಲ್ವಾ? ಈ ಬದಲಾವಣೆ ನಮ್ಮ ಹೋಮ್ ಫೋಲ್ಡರ್‌ನಲ್ಲಿ, ಅಂದರೆ ನಮ್ಮ ಸ್ವಂತ ಫೈಲ್‌ಗಳಿರುವ ಜಾಗದಲ್ಲಿ ಉಳಿಯುತ್ತದೆ. ಹಾಗಾಗಿ ಅಪ್‌ಡೇಟ್ ಬಂದರೂ ಅಳಿಯುವುದಿಲ್ಲ. ಎರಡನೇ ಕಂಪ್ಯೂಟರಿನಲ್ಲಿ ಹುಡುಗನೇ ಕೂತು ಬದಲಿಸಿದ.

ಲಿನಕ್ಸ್‌ಗೇ ಸಿಗುವ ಇನ್ನೊಂದು ಡೆಸ್ಕ್‌ಟಾಪ್ ಕೆಡಿಇ. ಅದರ ಅಪ್ಲಿಕೇಶನ್ ಮೆನುವಿನಲ್ಲಿ ಹೆಸರು ಬೇಕಾ, ವಿವರಣೆ ಬೇಕಾ, ಎರಡೂ ಬೇಕಾ ಅಂತ ಆರಿಸುವ ಸೌಲಭ್ಯವಿದೆ. ಸಿನಮನ್‌ನಲ್ಲೂ ಅದು ಇದ್ದಿದ್ದರೆ ನನ್ನ ಅರ್ಧ ಕೆಲಸ ಉಳಿಯುತ್ತಿತ್ತು.

'ಟೈಮ್‌ಶಿಫ್ಟ್' ಒಂದು ಹಾಗೇ ಉಳಿದಿದೆ. ಕಂಪ್ಯೂಟರ್ ಕೆಟ್ಟರೆ ಹಿಂದಿನ ಸ್ಥಿತಿಗೆ ತರುವ ಪ್ರೋಗ್ರಾಂ ಅದು. ಎರಡು-ಮೂರು ಪದದಲ್ಲಿ ಒಳ್ಳೆ ಕನ್ನಡ ಹೆಸರು ಹೊಳೆದರೆ ಹೇಳಿ, ನಾಳೆಯೇ ಬದಲಿಸುತ್ತೇನೆ.